ಹಣಕಾಸು ನೀತಿ, ಹೂಡಿಕೆದಾರರ ಭಿನ್ನತೆ ಮತ್ತು ಆಸ್ತಿ ಬೆಲೆ

ಕೇಂದ್ರ ಬ್ಯಾಂಕು ಬಡ್ಡಿ ದರ ಬದಲಿಸಿದಾಗ ಷೇರು, ಸಾಲಪತ್ರ, ಮನೆ, ಚಿನ್ನ ಮುಂತಾದ ಆಸ್ತಿಗಳ ಬೆಲೆ ಏಕೆ ಏರಿಳಿಯುತ್ತದೆ, ಎಷ್ಟು ಏರಿಳಿಯುತ್ತದೆ ಎಂಬುದು ಅರ್ಥಶಾಸ್ತ್ರದ ಹಳೆಯ ಪ್ರಶ್ನೆ. ಬಹುಕಾಲ ಇದಕ್ಕೆ ಕೊಡುತ್ತಿದ್ದ ಉತ್ತರದಲ್ಲಿ ಬಡ್ಡಿಯ ಮಾತಿತ್ತು, ಕಂಪನಿಗಳ ಲಾಭದ ಮಾತಿತ್ತು. ಆ ಆಸ್ತಿ ಯಾರ ಕೈಯಲ್ಲಿದೆ ಎಂಬ ಮಾತಿರಲಿಲ್ಲ. ಸಾಲ ಮಾಡಿ ಷೇರು ಕೊಂಡ ದಲ್ಲಾಳಿ, ಮೂವತ್ತು ವರ್ಷದಾಚೆ ಹಣ ಕೊಡಬೇಕಾದ ಪಿಂಚಣಿ ನಿಧಿ, ನ್ಯೂಯಾರ್ಕಿನಲ್ಲಿ ಕುಳಿತ ವಿದೇಶಿ ಫಂಡು, ಸಂಬಳ ಬಂದ ದಿನ ಮ್ಯೂಚುವಲ್ ಫಂಡಿನ ಮಾಸಿಕ ಕಂತು (ಎಸ್‌ಐಪಿ) ಕಟ್ಟುವ ನೌಕರ, ಠೇವಣಿಯ ಬಡ್ಡಿಯಲ್ಲೇ ಬದುಕುವ ಹಿರಿಯರು: ಇವರೆಲ್ಲ ಒಂದೇ ಸುದ್ದಿಗೆ ಒಂದೇ ಬಗೆಯಲ್ಲಿ ನಡೆದುಕೊಳ್ಳುವುದಿಲ್ಲ. ಬಡ್ಡಿ ದರದ ಬದಲಾವಣೆ ಎಷ್ಟು ದೊಡ್ಡದು ಎನ್ನುವುದಷ್ಟೇ ಬೆಲೆಯನ್ನು ನಿರ್ಧರಿಸುವುದಿಲ್ಲ. ಆ ಹೊತ್ತಿನಲ್ಲಿ ನಷ್ಟದ ಹೊರೆ ಹೊರಲು ಸಿದ್ಧರಿರುವವರ ಬಳಿ ಎಷ್ಟು ಬಂಡವಾಳ ಉಳಿದಿದೆ ಎನ್ನುವುದೂ ಅಷ್ಟೇ ಮುಖ್ಯ. ಬಿಕ್ಕಟ್ಟಿನ ದಿನಗಳಲ್ಲಂತೂ ಅದೇ ಹೆಚ್ಚು ಮುಖ್ಯ.

ಬೆಲೆಯ ಲೆಕ್ಕ

ಯಾವುದೇ ಆಸ್ತಿಯ ಬೆಲೆ ಎಂದರೆ ಅದು ಮುಂದೆ ತಂದುಕೊಡುವ ಆದಾಯದ ಇಂದಿನ ಮೌಲ್ಯ. ಭವಿಷ್ಯದ ರೂಪಾಯಿಯನ್ನು ಇಂದಿನ ರೂಪಾಯಿಗೆ ಇಳಿಸಲು ಬಳಸುವ ದರದಲ್ಲಿ ಎರಡು ಭಾಗಗಳಿವೆ. ಒಂದು, ನಷ್ಟದ ಭಯವಿಲ್ಲದ ಸರ್ಕಾರಿ ಪತ್ರದ ಬಡ್ಡಿ. ಇನ್ನೊಂದು, ಅನಿಶ್ಚಿತತೆಯನ್ನು ಸಹಿಸಿಕೊಳ್ಳುವುದಕ್ಕೆ ಹೂಡಿಕೆದಾರರು ಕೇಳುವ ಹೆಚ್ಚುವರಿ ಪ್ರತಿಫಲ, ಅಂದರೆ ರಿಸ್ಕ್ ಪ್ರೀಮಿಯಂ. ಮೊದಲನೆಯದರ ಮೇಲೆ ಕೇಂದ್ರ ಬ್ಯಾಂಕಿಗೆ ನೇರ ಹಿಡಿತವಿದೆ. ಎರಡನೆಯದನ್ನು ಪೇಟೆ ನಿರ್ಧರಿಸುತ್ತದೆ.

ವರ್ಷಕ್ಕೆ 100 ರೂಪಾಯಿಯನ್ನು ಸದಾಕಾಲ ಕೊಡುವ ಪತ್ರವೊಂದಿದೆ ಎಂದುಕೊಳ್ಳೋಣ. ಒಟ್ಟು ದರ ಶೇ 10 ಇದ್ದರೆ ಅದರ ಬೆಲೆ 1,000 ರೂಪಾಯಿ. ಶೇ 9ಕ್ಕೆ ಇಳಿದರೆ ಸುಮಾರು 1,111. ಅದೇ ಆದಾಯ ವರ್ಷಕ್ಕೆ ಶೇ 5ರಂತೆ ಬೆಳೆಯುವುದಾದರೆ ಬೆಲೆ 2,000ದಿಂದ 2,500ಕ್ಕೆ, ಅಂದರೆ ಕಾಲು ಭಾಗದಷ್ಟು ಏರುತ್ತದೆ. ಲಾಭವೆಲ್ಲ ದೂರದ ವರ್ಷಗಳಲ್ಲಿರುವ ತಂತ್ರಜ್ಞಾನ ಕಂಪನಿಗಳ ಷೇರು ಬಡ್ಡಿಯ ಸುದ್ದಿಗೆ ಹೆಚ್ಚು ಬೆದರುವುದಕ್ಕೆ ಈ ಲೆಕ್ಕವೇ ಕಾರಣ. ಆದರೆ ಇಲ್ಲಿ ದರ ಇಳಿದದ್ದು ಸರ್ಕಾರಿ ಬಡ್ಡಿ ಇಳಿದುದರಿಂದಲೋ, ರಿಸ್ಕ್ ಪ್ರೀಮಿಯಂ ಕುಗ್ಗಿದುದರಿಂದಲೋ ಎಂಬುದು ಸಂಖ್ಯೆಯಲ್ಲಿ ಕಾಣುವುದಿಲ್ಲ. ಸಂಶೋಧನೆಯ ಮುಖ್ಯ ತಿರುವು ಆ ವಿಂಗಡಣೆಯಿಂದಲೇ ಬಂತು.

ಸರಾಸರಿ ಹೂಡಿಕೆದಾರನ ಮಾದರಿ ಮತ್ತು ಅದರ ಸೋಲು

ಅರ್ಥಶಾಸ್ತ್ರಜ್ಞ ರಾಬರ್ಟ್ ಲೂಕಾಸ್ 1978ರಲ್ಲಿ ಮಂಡಿಸಿದ ಆಸ್ತಿ ಬೆಲೆಯ ಮಾದರಿಯಲ್ಲಿ ಇಡೀ ಸಮಾಜವನ್ನು ಒಬ್ಬನೇ ಪ್ರಾತಿನಿಧಿಕ ಹೂಡಿಕೆದಾರ ಪ್ರತಿನಿಧಿಸುತ್ತಾನೆ. ಗಣಿತ ಸುಲಭವಾಯಿತು, ಆದರೆ ಒಬ್ಬನೇ ಇರುವಲ್ಲಿ ಸಾಲ ಕೊಡುವವನೂ ಇಲ್ಲ, ಪಡೆಯುವವನೂ ಇಲ್ಲ. ರಜನೀಶ್ ಮೆಹ್ರಾ ಮತ್ತು ಎಡ್ವರ್ಡ್ ಪ್ರೆಸ್ಕಾಟ್ 1985ರಲ್ಲಿ ಈ ಬಗೆಯ ಮಾದರಿಯನ್ನು ಅಮೆರಿಕದ 1889ರಿಂದ 1978ರವರೆಗಿನ ಅಂಕಿಅಂಶಗಳ ಮುಂದೆ ಇಟ್ಟರು. ಷೇರುಗಳು ಸುರಕ್ಷಿತ ಪತ್ರಗಳಿಗಿಂತ ವರ್ಷಕ್ಕೆ ಸರಾಸರಿ ಶೇ 6ರಷ್ಟು ಹೆಚ್ಚು ಗಳಿಸಿದ್ದವು. ಮಾದರಿ ವಿವರಿಸಬಲ್ಲ ಪ್ರೀಮಿಯಂ ಅದರ ಒಂದು ಚೂರು ಮಾತ್ರ. ಜನ ಊಹೆಗೂ ಮೀರಿ ಅಂಜುಬುರುಕರಾಗಿದ್ದರೆ ಮಾತ್ರ ಲೆಕ್ಕ ಹೊಂದುತ್ತಿತ್ತು.

ಇದಕ್ಕೆ ಬಂದ ಉತ್ತರಗಳಲ್ಲಿ ನೇರವಾದದ್ದು 1991ರಲ್ಲಿ ಗ್ರೆಗರಿ ಮ್ಯಾನ್‌ಕ್ಯೂ ಮತ್ತು ಸ್ಟೀಫನ್ ಜೆಲ್ಡೆಸ್ ಕೊಟ್ಟದ್ದು. ಅವರು ನೋಡಿದ ಅಮೆರಿಕದ ಕುಟುಂಬಗಳಲ್ಲಿ ಷೇರು ಹೊಂದಿದ್ದವು ಸುಮಾರು ಕಾಲು ಭಾಗ. ಆ ಕಾಲು ಭಾಗದ ಜನರ ಖರ್ಚುವೆಚ್ಚ ಷೇರುಪೇಟೆಯ ಜೊತೆಗೇ ಏರಿಳಿಯುತ್ತಿತ್ತು, ಉಳಿದವರದು ಹಾಗಿರಲಿಲ್ಲ. ಪೇಟೆಯ ಅಪಾಯವನ್ನೆಲ್ಲ ಕೆಲವರೇ ಹೊರುತ್ತಿರುವಾಗ ಅವರು ಹೆಚ್ಚಿನ ಪ್ರತಿಫಲ ಕೇಳುವುದು ಸಹಜ. ದೇಶದ ಸರಾಸರಿ ಬಳಕೆಯನ್ನು ನೋಡಿ ಷೇರಿನ ಬೆಲೆಯನ್ನು ವಿವರಿಸಲು ಹೊರಟದ್ದೇ ತಪ್ಪಾಗಿತ್ತು.

ಹಣಕಾಸು ನೀತಿಯ ಕಡೆಯಿಂದ ಇದೇ ಸಂದೇಹವನ್ನು ಗಟ್ಟಿಗೊಳಿಸಿದ್ದು ಬೆನ್ ಬರ್ನಾಂಕೆ ಮತ್ತು ಕೆನೆತ್ ಕಟ್ನರ್ 2005ರಲ್ಲಿ ಪ್ರಕಟಿಸಿದ ಅಧ್ಯಯನ. ಪೇಟೆ ಮೊದಲೇ ಊಹಿಸಿದ್ದ ದರ ಬದಲಾವಣೆಗಳನ್ನು ಅವರು ಫ್ಯೂಚರ್ಸ್ ಬೆಲೆಗಳ ನೆರವಿನಿಂದ ಬೇರ್ಪಡಿಸಿ, ಅನಿರೀಕ್ಷಿತ ಭಾಗವನ್ನಷ್ಟೇ ಅಳೆದರು. ಫೆಡರಲ್ ರಿಸರ್ವ್ ಯಾರೂ ನಿರೀಕ್ಷಿಸದ 25 ಮೂಲಾಂಶಗಳ (ಶೇ 0.25) ಕಡಿತ ಮಾಡಿದರೆ ಅಮೆರಿಕದ ಷೇರು ಸೂಚ್ಯಂಕಗಳು ಸುಮಾರು ಶೇ 1ರಷ್ಟು ಏರುತ್ತಿದ್ದವು. ಈ ಏರಿಕೆಯಲ್ಲಿ ನೈಜ ಬಡ್ಡಿ ದರ ಇಳಿದುದರ ನೇರ ಪಾಲು ತೀರಾ ಕಡಿಮೆ. ಹೆಚ್ಚಿನ ಪಾಲು ಮುಂದಿನ ಲಾಭಾಂಶಗಳ ನಿರೀಕ್ಷೆಯಿಂದ ಮತ್ತು, ಅದಕ್ಕಿಂತ ಮುಖ್ಯವಾಗಿ, ಷೇರಿಗೆ ಕೇಳುವ ಹೆಚ್ಚುವರಿ ಪ್ರತಿಫಲ ತಗ್ಗಿದುದರಿಂದ ಬಂದಿತ್ತು. ಬಡ್ಡಿ ಕಡಿತವು ಜನರ ಧೈರ್ಯವನ್ನೇ ಹೆಚ್ಚಿಸಿದಂತೆ ಪೇಟೆ ವರ್ತಿಸಿತ್ತು. ಒಬ್ಬನೇ ಸರಾಸರಿ ಹೂಡಿಕೆದಾರನಿರುವ ಮಾದರಿಯಲ್ಲಿ ಹೀಗಾಗಲು ಕಾರಣವೇ ಸಿಗುವುದಿಲ್ಲ.

ಸಂಪತ್ತು ಕೈ ಬದಲಿಸುವ ಬಗೆ

ಹೂಡಿಕೆದಾರರನ್ನು ಇಬ್ಬರನ್ನಾಗಿ ಮಾಡಿದ ಕೂಡಲೇ ಕಾರಣ ಕಾಣಿಸುತ್ತದೆ. ಇಬ್ಬರ ಬಳಿಯೂ ತಲಾ 100 ರೂಪಾಯಿ ಇದೆ. ಎದೆಗಾರಿಕೆಯವನು ಇನ್ನೊಬ್ಬನಿಂದ 100 ರೂಪಾಯಿ ಸಾಲ ಪಡೆದು 200 ರೂಪಾಯಿಯ ಷೇರು ಹೊಂದಿದ್ದಾನೆ. ಅಂಜುವವನ ಬಳಿ ಆ ಸಾಲಪತ್ರ ಮಾತ್ರ ಇದೆ. ದರ ಕಡಿತದ ಸುದ್ದಿಗೆ ಷೇರು ಶೇ 5 ಏರಿತು. ಮೊದಲನೆಯವನ ಸ್ವಂತ ಸಂಪತ್ತು 110 ಆಯಿತು, ಎರಡನೆಯವನದು 100ರಲ್ಲೇ ಉಳಿಯಿತು. ಸ್ವಂತ ಸಂಪತ್ತಿನ ಎರಡರಷ್ಟು ಷೇರು ಹೊಂದುವುದು ಮೊದಲನೆಯವನ ರೂಢಿಯಾದರೆ ಅವನಿಗೀಗ 220 ರೂಪಾಯಿಯ ಷೇರು ಬೇಕು; ಕೈಯಲ್ಲಿರುವುದು 210. ಅವನು ಮತ್ತೆ ಕೊಳ್ಳುತ್ತಾನೆ, ಬೆಲೆ ಇನ್ನಷ್ಟು ಏರುತ್ತದೆ. ಯಾರ ಸ್ವಭಾವವೂ ಬದಲಾಗಲಿಲ್ಲ. ಧೈರ್ಯವಂತರ ಕೈಗೆ ಸಂಪತ್ತಿನ ಹೆಚ್ಚಿನ ಪಾಲು ಹೋದುದರಿಂದ ಪೇಟೆ ಒಟ್ಟಾರೆ ಧೈರ್ಯಶಾಲಿಯಾಯಿತು.

ಬೆಲೆ ಇಳಿದಾಗ ಇದೇ ಗಾಲಿ ಹಿಮ್ಮುಖವಾಗಿ, ಹೆಚ್ಚು ಕ್ರೂರವಾಗಿ ತಿರುಗುತ್ತದೆ. ಷೇರು ಶೇ 25 ಬಿದ್ದರೆ ಅವನ 200 ರೂಪಾಯಿ 150 ಆಗುತ್ತದೆ, ಸಾಲ 100ರಲ್ಲೇ ನಿಂತಿರುತ್ತದೆ, ಸ್ವಂತದ್ದು 50ಕ್ಕೆ ಕುಸಿಯುತ್ತದೆ. ಸ್ವಂತ ಸಂಪತ್ತಿನ ಎರಡರಷ್ಟಿದ್ದ ಷೇರು ಈಗ ಮೂರರಷ್ಟು. ಸಾಲ ಕೊಟ್ಟವನು ಮಾರ್ಜಿನ್, ಅಂದರೆ ಹೆಚ್ಚುವರಿ ಭದ್ರತಾ ಹಣ, ಕೇಳುತ್ತಾನೆ. ಮನಸ್ಸಿದ್ದರೂ ಇಲ್ಲದಿದ್ದರೂ ಮಾರಲೇಬೇಕು. ಇರ್ವಿಂಗ್ ಫಿಶರ್ 1933ರಲ್ಲಿ ಮಹಾ ಆರ್ಥಿಕ ಕುಸಿತವನ್ನು ವಿವರಿಸುತ್ತ ಗುರುತಿಸಿದ್ದು ಇದೇ ಸುರುಳಿಯನ್ನು: ಬೆಲೆಗಳು ಇಳಿದಂತೆ ಸಾಲದ ನೈಜ ಭಾರ ಏರುತ್ತದೆ, ಆ ಭಾರ ತೀರಿಸಲು ಮಾರಿದಂತೆ ಬೆಲೆಗಳು ಮತ್ತೆ ಇಳಿಯುತ್ತವೆ. ಜಾನ್ ಜೀನಕೊಪ್ಲೊಸ್ ಇದನ್ನು ಸಾಲದ ಪ್ರಮಾಣವೇ ಏರಿಳಿಯುವ ಚಕ್ರವೆಂದು ಬೆಳೆಸಿದರು.

ರೋಹನ್ ಕೆಕ್ರೆ ಮತ್ತು ಮೋರಿಟ್ಸ್ ಲೆನೆಲ್ 2022ರಲ್ಲಿ ಪ್ರಕಟಿಸಿದ ಕೆಲಸ ಈ ತರ್ಕವನ್ನು ನೇರವಾಗಿ ಹಣಕಾಸು ನೀತಿಗೆ ಜೋಡಿಸಿತು. ದರ ಇಳಿದಾಗ ಷೇರುಗಳ ಮೌಲ್ಯ ಏರುತ್ತದೆ, ಹಣದುಬ್ಬರದಿಂದ ಹಳೆಯ ಸಾಲದ ಭಾರ ಕರಗುತ್ತದೆ. ಎರಡರಿಂದಲೂ ಲಾಭ ಪಡೆಯುವವರು ಸಾಲ ಮಾಡಿ ಹೂಡಿದವರು, ಅಂದರೆ ಹೆಚ್ಚುವರಿಯಾಗಿ ಬಂದ ರೂಪಾಯಿಯನ್ನೂ ಅಪಾಯದ ಆಸ್ತಿಯಲ್ಲೇ ಹಾಕುವವರು. ಹೀಗಾಗಿ ರಿಸ್ಕ್ ಪ್ರೀಮಿಯಂ ತಗ್ಗುತ್ತದೆ, ಹೂಡಿಕೆ ಹೆಚ್ಚುತ್ತದೆ. ಬರ್ನಾಂಕೆ ಮತ್ತು ಕಟ್ನರ್ ಕಂಡ ಅಂಕಿಗೆ ಸಿಕ್ಕ ವಿವರಣೆಗಳಲ್ಲಿ ಇದು ಹೆಚ್ಚು ಒಪ್ಪಿಗೆಯಾಗುವಂಥದ್ದು.

ಬ್ಯಾಂಕುಗಳ ಕಡೆಯಿಂದ ನೋಡಿದರೆ ಇನ್ನೊಂದು ದಾರಿ ಇದೆ. ಇತಮಾರ್ ಡ್ರೆಕ್ಸ್‌ಲರ್, ಅಲೆಕ್ಸಿ ಸಾವೊವ್ ಮತ್ತು ಫಿಲಿಪ್ ಶ್ನಾಬಲ್ 2018ರಲ್ಲಿ ತೋರಿಸಿದಂತೆ, ಅಲ್ಪಾವಧಿ ಬಡ್ಡಿ ದರವೆಂದರೆ ತುರ್ತಿಗೆಂದು ನಗದನ್ನು ಕೈಯಲ್ಲಿಟ್ಟುಕೊಳ್ಳುವುದರ ವೆಚ್ಚ. ದರ ಇಳಿದರೆ ಆ ವೆಚ್ಚವೂ ಇಳಿಯುತ್ತದೆ. ಬ್ಯಾಂಕುಗಳು ಹೆಚ್ಚು ನಗದಿನ ಆಸರೆ ಇಟ್ಟುಕೊಂಡು, ಅದರ ಧೈರ್ಯದ ಮೇಲೆ ಹೆಚ್ಚು ಸಾಲದ ಹೂಡಿಕೆ ಮಾಡುತ್ತವೆ. ಅರ್ಥಶಾಸ್ತ್ರಜ್ಞ ರಘುರಾಂ ರಾಜನ್ 2005ರ ಆಗಸ್ಟ್‌ನಲ್ಲಿ ಕೇಂದ್ರ ಬ್ಯಾಂಕುಗಳವರು ಸೇರುವ ಅಮೆರಿಕದ ಜಾಕ್ಸನ್ ಹೋಲ್ ಸಮಾವೇಶದಲ್ಲಿ ಎಚ್ಚರಿಸಿದ್ದು ಇದಕ್ಕೆ ಹತ್ತಿರದ ವಿಷಯ. ನಿಗದಿತ ಪ್ರತಿಫಲದ ಭರವಸೆ ಕೊಟ್ಟಿರುವ ವಿಮಾ ಕಂಪನಿಗಳು ಮತ್ತು ಫಂಡ್ ವ್ಯವಸ್ಥಾಪಕರು ಬಡ್ಡಿ ಇಳಿದಾಗ ಆ ಭರವಸೆ ಉಳಿಸಿಕೊಳ್ಳಲು ಹೆಚ್ಚು ಅಪಾಯದ ಪತ್ರಗಳತ್ತ ಹೊರಳುತ್ತಾರೆ. ಅಂದು ಆ ಮಾತಿಗೆ ಸಭೆಯಲ್ಲಿ ಟೀಕೆಯೇ ಹೆಚ್ಚು ಬಂತು. ಮೂರು ವರ್ಷಗಳಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕು ಲೀಮನ್ ಬ್ರದರ್ಸ್ ಕುಸಿಯಿತು.

ಸಾಲಪತ್ರ ಪೇಟೆಯ ನೆಲೆಗಳು

ಸಾಲಪತ್ರಗಳಲ್ಲಿ ಹೂಡಿಕೆದಾರರ ಭಿನ್ನತೆ ಇನ್ನೂ ಸ್ಪಷ್ಟ. ಜೀವವಿಮೆ ಮತ್ತು ಪಿಂಚಣಿ ನಿಧಿಗಳಿಗೆ ದೀರ್ಘಾವಧಿ ಪತ್ರ ಬೇಕು. ಬ್ಯಾಂಕುಗಳಿಗೆ ಕಡಿಮೆ ಅವಧಿಯದು ಹಿತ. ಪ್ರತಿಯೊಬ್ಬರಿಗೂ ತಮ್ಮದೇ ನೆಲೆಯಿದೆ, ಅದನ್ನು ಬಿಟ್ಟು ಕದಲಲು ಅವರಿಗೆ ಹೆಚ್ಚುವರಿ ಪ್ರತಿಫಲ ಬೇಕು. ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ರಿಚರ್ಡ್ ಸಚ್ 1960ರ ದಶಕದಲ್ಲಿ ಮಂಡಿಸಿದ ಈ ವಿಚಾರಕ್ಕೆ ದಿಮಿತ್ರಿ ವಯನೋಸ್ ಮತ್ತು ಜಾನ್ ಲುಕ್ ವಿಲಾ ಇತ್ತೀಚೆಗೆ ಗಣಿತದ ರೂಪ ಕೊಟ್ಟರು. ಎಲ್ಲರೂ ಎಲ್ಲ ಅವಧಿಯ ಪತ್ರಗಳನ್ನು ಸಮಾನವಾಗಿ ಕೊಳ್ಳುವವರಾಗಿದ್ದರೆ, ಕೇಂದ್ರ ಬ್ಯಾಂಕು ದೀರ್ಘಾವಧಿ ಪತ್ರ ಕೊಂಡು ಅಲ್ಪಾವಧಿಯದನ್ನು ಮಾರಿದರೆ ಏನೂ ಆಗಬಾರದು. ಅಮೆರಿಕ 1961ರಲ್ಲಿ ‘ಆಪರೇಷನ್ ಟ್ವಿಸ್ಟ್’ ಹೆಸರಿನಲ್ಲಿ ಇದನ್ನು ಮಾಡಿತು. ಭಾರತೀಯ ರಿಸರ್ವ್ ಬ್ಯಾಂಕ್ 2019ರ ಡಿಸೆಂಬರ್ 23ರಂದು ಇದೇ ಬಗೆಯ ಮೊದಲ ಹರಾಜು ನಡೆಸಿ 10,000 ಕೋಟಿ ರೂಪಾಯಿಯ ದೀರ್ಘಾವಧಿ ಪತ್ರ ಕೊಂಡಿತು. ಬ್ಯಾಂಕುಗಳಿಗೆ ತಾನು ಅಲ್ಪಾವಧಿ ಸಾಲ ಕೊಡುವ ರೆಪೊ ದರವನ್ನು ಮುಟ್ಟದೆಯೇ ದೀರ್ಘಾವಧಿ ಪತ್ರಗಳ ಇಳುವರಿಯನ್ನು (ಬೆಲೆ ಏರಿದರೆ ಇಳಿಯುವ ಆದಾಯ ದರವನ್ನು) ತಗ್ಗಿಸುವ ಯತ್ನ ಅದು.

ನೆಲೆಗಳಿಗೆ ಕಟ್ಟುಬಿದ್ದ ಹೂಡಿಕೆದಾರರಿಂದ ಏನಾಗಬಹುದು ಎಂಬುದನ್ನು ಬ್ರಿಟನ್ 2022ರ ಸೆಪ್ಟೆಂಬರ್‌ನಲ್ಲಿ ಕಂಡಿತು. ಆ ತಿಂಗಳ 22ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ದರವನ್ನು ಶೇ 2.25ಕ್ಕೆ ಏರಿಸಿತು. ಮರುದಿನ ಸರ್ಕಾರ ದೊಡ್ಡ ತೆರಿಗೆ ಕಡಿತ ಘೋಷಿಸಿತು. ಸರ್ಕಾರಿ ಪತ್ರಗಳ ಬೆಲೆ ಬಿತ್ತು. ಇಲ್ಲಿಯವರೆಗೆ ಆದದ್ದು ಮಾಮೂಲಿ. ಆದರೆ ಬ್ರಿಟನ್ನಿನ ದೀರ್ಘಾವಧಿ ಪತ್ರಗಳ ಬಹುಭಾಗ ಪಿಂಚಣಿ ನಿಧಿಗಳ ಬಳಿ ಇತ್ತು; ಅವುಗಳಲ್ಲಿ ಅನೇಕವು ಸಾಲದ ಬಲದಿಂದ ಅವನ್ನು ಹೊಂದಿದ್ದವು. ಬೆಲೆ ಬೀಳುತ್ತಿದ್ದಂತೆ ಅನೇಕರಿಗೆ ಒಂದೇ ಹೊತ್ತಿಗೆ ಮಾರ್ಜಿನ್ ಕರೆ ಬಂತು, ಅವರೆಲ್ಲ ಒಂದೇ ಬಗೆಯ ಪತ್ರಗಳನ್ನು ಮಾರಲು ಹೊರಟರು. ಮೂವತ್ತು ವರ್ಷದ ಪತ್ರದ ಇಳುವರಿ ಸೆಪ್ಟೆಂಬರ್ 28ರಂದು ಶೇ 5 ದಾಟಿತು. ದರ ಏರಿಸಿ, ಪತ್ರಗಳನ್ನು ಮಾರಲು ಸಿದ್ಧತೆ ನಡೆಸಿದ್ದ ಅದೇ ಕೇಂದ್ರ ಬ್ಯಾಂಕು ಅಂದು ಖರೀದಿಗೆ ಇಳಿಯಬೇಕಾಯಿತು. ಇಳುವರಿ ಒಂದೇ ದಿನ ಶೇ 4ರ ಆಸುಪಾಸಿಗೆ ಬಂತು. ಬ್ಯಾಂಕು ಕೊನೆಗೆ ಕೊಂಡದ್ದು 19.3 ಶತಕೋಟಿ ಪೌಂಡಿನ ಪತ್ರ ಮಾತ್ರ. ದರದ ಹಾದಿಯ ಬಗ್ಗೆ ಅದು ನಿಲುವು ಬದಲಿಸಲಿಲ್ಲ. ಬದಲಾದದ್ದು, ಮಾರಲೇಬೇಕಾದವರ ಎದುರು ಕೊಳ್ಳುವವನೊಬ್ಬ ನಿಂತದ್ದು.

2020ರ ಏಪ್ರಿಲ್ 23

ಭಾರತದಲ್ಲಿ ಇದಕ್ಕೆ ಸರಿದೂಗುವ ಪಾಠ ಕೋವಿಡ್ ಲಾಕ್‌ಡೌನ್‌ನ ಮೊದಲ ವಾರಗಳಲ್ಲಿ ಸಿಕ್ಕಿತು. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಒಂದೇ ಏಟಿಗೆ 75 ಮೂಲಾಂಶ ಇಳಿಸಿ ಶೇ 4.40ಕ್ಕೆ ತಂದಿತು. ಬ್ಯಾಂಕುಗಳ ಬಳಿ ನಗದು ತುಂಬಿ ತುಳುಕುತ್ತಿತ್ತು. ಅತಿ ಸುರಕ್ಷಿತವೆನಿಸಿದ ಎಎಎ ಶ್ರೇಣಿಯ ದೊಡ್ಡ ಕಂಪನಿಗಳ ಸಾಲಪತ್ರಗಳಿಗೆ ಬೇಡಿಕೆ ಬಂತು. ಕೆಳ ಶ್ರೇಣಿಯ ಪತ್ರಗಳನ್ನು ಕೇಳುವವರೇ ಇರಲಿಲ್ಲ. ಸಣ್ಣ ಮತ್ತು ಮಧ್ಯಮ ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ (ಎನ್‌ಬಿಎಫ್‌ಸಿ) ಹಣ ತಲುಪಲೆಂದು ರಿಸರ್ವ್ ಬ್ಯಾಂಕ್ ಏಪ್ರಿಲ್ 23ರಂದು 25,000 ಕೋಟಿ ರೂಪಾಯಿಯನ್ನು ಬ್ಯಾಂಕುಗಳಿಗೆ ರೆಪೊ ದರದಲ್ಲಿ ನೀಡಲು ಮುಂದಾದರೆ, ಬಂದ ಬಿಡ್ಡುಗಳು 12,850 ಕೋಟಿಗೆ ಮಾತ್ರ. ಅಗ್ಗದ ಹಣವನ್ನೂ ಬ್ಯಾಂಕುಗಳು ಬೇಡವೆಂದವು, ಏಕೆಂದರೆ ಅದರ ಜೊತೆ ಬರುವ ಅಪಾಯ ಅವಕ್ಕೆ ಬೇಕಿರಲಿಲ್ಲ.

ಅದೇ ದಿನ ಫ್ರಾಂಕ್ಲಿನ್ ಟೆಂಪಲ್‌ಟನ್ ಮ್ಯೂಚುವಲ್ ಫಂಡ್ ತನ್ನ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಅವುಗಳಲ್ಲಿ ಸಿಲುಕಿದ ಮೊತ್ತ 25,000 ಕೋಟಿ ರೂಪಾಯಿಗೂ ಹೆಚ್ಚು. ಯೋಜನೆಗಳಲ್ಲಿದ್ದದ್ದು ಬಹುಪಾಲು ಎಎಎಗಿಂತ ಕೆಳ ಶ್ರೇಣಿಯ ಪತ್ರಗಳು. ಹೂಡಿಕೆದಾರರು ಹಣ ಹಿಂದಕ್ಕೆ ಕೇಳುತ್ತಿದ್ದರು, ಪತ್ರಗಳನ್ನು ಕೊಳ್ಳುವವರಿರಲಿಲ್ಲ. ವಿವಾದ ಕರ್ನಾಟಕ ಹೈಕೋರ್ಟಿಗೆ ಬಂತು. ಹೂಡಿಕೆದಾರರ ಬಹುಮತದ ಒಪ್ಪಿಗೆಯಿಲ್ಲದೆ ಯೋಜನೆಗಳನ್ನು ಮುಚ್ಚುವಂತಿಲ್ಲ ಎಂದು ನ್ಯಾಯಾಲಯ ಆ ವರ್ಷದ ಅಕ್ಟೋಬರ್ 24ರಂದು ತೀರ್ಪಿತ್ತಿತು. ದೇಶದ ಫಂಡ್ ಉದ್ಯಮದಲ್ಲಿ ಹೂಡಿಕೆದಾರರ ಹಕ್ಕನ್ನು ಗಟ್ಟಿಗೊಳಿಸಿದ ತೀರ್ಪುಗಳಲ್ಲಿ ಅದು ಪ್ರಮುಖವಾದದ್ದು; ಸುಪ್ರೀಂ ಕೋರ್ಟ್ ಕೂಡ ಒಪ್ಪಿಗೆಯ ಅಗತ್ಯವನ್ನು ಎತ್ತಿಹಿಡಿಯಿತು.

ಆಸ್ತಿ ಬೆಲೆಯ ದೃಷ್ಟಿಯಿಂದ ಮುಖ್ಯವಾದದ್ದು ಆಮೇಲಿನ ಸಂಗತಿ. ಮುಂದಿನ ವರ್ಷಗಳಲ್ಲಿ ಆ ಪತ್ರಗಳು ಅವಧಿ ಮುಗಿದಂತೆ, ಪೇಟೆ ಸುಧಾರಿಸಿದಂತೆ ನಗದಾದವು. ಹೂಡಿಕೆದಾರರಿಗೆ ಮರಳಿದ ಒಟ್ಟು ಹಣ 2020ರ ಏಪ್ರಿಲ್ 23ರಂದು ಇದ್ದ ಮೌಲ್ಯವನ್ನು ಮೀರಿತು. ಹಾಗಾದರೆ ಆ ಏಪ್ರಿಲ್‌ನಲ್ಲಿ ಕಾಣೆಯಾಗಿದ್ದದ್ದು ಆ ಪತ್ರಗಳ ಯೋಗ್ಯತೆಯಲ್ಲ, ಅವನ್ನು ಕೊಂಡು ಕಾಯಬಲ್ಲ ಬಂಡವಾಳ. ರೆಪೊ ಕಡಿತವೊಂದರಿಂದ ಅದು ಹುಟ್ಟಲಿಲ್ಲ. ಕಾಯುವ ಶಕ್ತಿಯಿಲ್ಲದೆ ನಡುವೆ ಒದ್ದಾಡಿದ ನಿವೃತ್ತರ, ಮಧ್ಯಮ ವರ್ಗದ ಕುಟುಂಬಗಳ ಪಾಲಿಗೆ ಈ ವಿವರಣೆ ತಡವಾಗಿ ಬಂದ ಸಮಾಧಾನ. ಅವರ ತಿಂಗಳುಗಳು ಮರಳಲಿಲ್ಲ.

ಅಭಿಪ್ರಾಯಭೇದ

ಧೈರ್ಯ ಮತ್ತು ಸಾಲದ ಭಿನ್ನತೆಯ ಜೊತೆ ನಂಬಿಕೆಯ ಭಿನ್ನತೆಯೂ ಇದೆ. ಎಡ್ವರ್ಡ್ ಮಿಲ್ಲರ್ 1977ರಲ್ಲಿ ಹೇಳಿದಂತೆ, ಬೆಲೆ ಇಳಿಯುತ್ತದೆಂದು ನಂಬಿದವರಿಗೆ ಷಾರ್ಟ್ ಮಾರಾಟ (ಷೇರನ್ನು ಎರವಲು ಪಡೆದು ಮಾರುವುದು) ಕಷ್ಟವಾದಾಗ, ಆಶಾವಾದಿಗಳ ಅಭಿಪ್ರಾಯವೇ ಬೆಲೆಯಾಗುತ್ತದೆ. ಮೈಕೆಲ್ ಹ್ಯಾರಿಸನ್ ಮತ್ತು ಡೇವಿಡ್ ಕ್ರೆಪ್ಸ್ ಮರುವರ್ಷ ಇನ್ನೊಂದು ಹೆಜ್ಜೆ ಇಟ್ಟರು: ನಾಳೆ ಇನ್ನೂ ಹೆಚ್ಚು ಆಶಾವಾದಿಯೊಬ್ಬ ಸಿಗುತ್ತಾನೆಂಬ ನಿರೀಕ್ಷೆಯಿಂದ, ಯಾರೂ ನಿಜವೆಂದು ಒಪ್ಪದಷ್ಟು ಬೆಲೆಯನ್ನೂ ಜನ ಕೊಡಬಹುದು. ಅಗ್ಗದ ಸಾಲ ಈ ಆಶಾವಾದಿಗಳ ಕೈಗೆ ಬಲ ಕೊಡುತ್ತದೆ.

ಗಡಿಯಾಚೆಯ ಹೂಡಿಕೆದಾರರು

ಹೂಡಿಕೆದಾರರ ನೆಲೆ ದೇಶದ ಹೊರಗಿದ್ದರೆ ಬೆಲೆಯ ಲಗಾಮು ಇನ್ನೊಂದು ಕೇಂದ್ರ ಬ್ಯಾಂಕಿನ ಕೈಯಲ್ಲಿರುತ್ತದೆ. 2013ರ ಮೇ ಆರಂಭದಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 7.25ಕ್ಕೆ ಇಳಿಸಿತ್ತು. ಅದೇ ತಿಂಗಳ 22ರಂದು, ಆಗ ಫೆಡರಲ್ ರಿಸರ್ವ್ ಅಧ್ಯಕ್ಷರಾಗಿದ್ದ ಬರ್ನಾಂಕೆ, ಆ ಬ್ಯಾಂಕು ತನ್ನ ಸಾಲಪತ್ರ ಖರೀದಿಯನ್ನು ತಗ್ಗಿಸಬಹುದೆಂದು ಅಮೆರಿಕದ ಸಂಸತ್ತಿಗೆ ತಿಳಿಸಿದರು. ವಿದೇಶಿ ನಿಧಿಗಳು ಭಾರತದ ಸಾಲಪತ್ರಗಳನ್ನು ಮಾರಿ ಹೊರಟವು. ಡಾಲರಿಗೆ 55ರ ಆಸುಪಾಸಿನಲ್ಲಿದ್ದ ರೂಪಾಯಿ ಆಗಸ್ಟ್ 28ರಂದು 68 ದಾಟಿತು. ರೆಪೊ ದರ ಕದಲದೆ ನಿಂತಿದ್ದರೂ ಹತ್ತು ವರ್ಷದ ಸರ್ಕಾರಿ ಪತ್ರದ ಇಳುವರಿ ಶೇ 9ರ ಮೇಲೇರಿತು. ಎಲೆನ್ ರೇ ಆ ವರ್ಷವೇ ಜಾಕ್ಸನ್ ಹೋಲ್‌ನಲ್ಲಿ ಮಂಡಿಸಿದ ಪ್ರಬಂಧ, ಬಂಡವಾಳಕ್ಕೆ ಬಾಗಿಲು ತೆರೆದ ದೇಶಗಳಲ್ಲಿ ವಿನಿಮಯ ದರ ಮುಕ್ತವಾಗಿದ್ದ ಮಾತ್ರಕ್ಕೆ ನೀತಿಯ ಸ್ವಾತಂತ್ರ್ಯ ಉಳಿಯುವುದಿಲ್ಲ ಎಂದು ವಾದಿಸಿತು.

ಅದಾದ ಹತ್ತು ವರ್ಷಗಳಲ್ಲಿ ಭಾರತದ ಷೇರುಪೇಟೆಯ ಒಡೆತನ ಬದಲಾಯಿತು. 2008ರಲ್ಲಿ ವಿದೇಶಿ ಸಂಸ್ಥೆಗಳು ಸುಮಾರು 53,000 ಕೋಟಿ ರೂಪಾಯಿಯ ಷೇರು ಮಾರಿದಾಗ ಸೆನ್ಸೆಕ್ಸ್ ಅರ್ಧಕ್ಕೂ ಹೆಚ್ಚು ಕುಸಿದಿತ್ತು. 2024ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಅವು ಸುಮಾರು 94,000 ಕೋಟಿ ರೂಪಾಯಿಯ ಷೇರು ಮಾರಿದವು. ನಿಫ್ಟಿ ಇಳಿದದ್ದು ಶೇ 6ರ ಆಸುಪಾಸು. ಪೇಟೆಯ ಗಾತ್ರ ಈ ನಡುವೆ ಅನೇಕ ಪಟ್ಟು ಬೆಳೆದಿದೆ, 2008ರಲ್ಲಿ ಜಗತ್ತೇ ಕುಸಿದಿತ್ತು, ಹಾಗಾಗಿ ಎರಡನ್ನೂ ನೇರವಾಗಿ ಹೋಲಿಸುವಂತಿಲ್ಲ. ಆದರೂ ಮಾರಿದ್ದನ್ನು ಯಾರು ಕೊಂಡರು ಎಂಬುದಕ್ಕೆ ಉತ್ತರ ಸ್ಪಷ್ಟವಿದೆ: ದೇಶೀಯ ಸಂಸ್ಥೆಗಳು ಆ ತಿಂಗಳು 1 ಲಕ್ಷ ಕೋಟಿ ರೂಪಾಯಿಗೂ ಹೆಚ್ಚಿನ ಷೇರು ಕೊಂಡವು. ಎಸ್‌ಐಪಿಗಳ ಮೂಲಕ ಬರುವ ಹಣ ಆಗ ತಿಂಗಳಿಗೆ 25,000 ಕೋಟಿ ದಾಟಿತ್ತು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬ್ಯಾಂಕ್ ಖಾತೆಗಳಿಂದಲೂ ತಾನಾಗಿ ಕಡಿತವಾಗುವ ಈ ಹಣ ರೆಪೊ ದರವನ್ನೂ ಸೂಚ್ಯಂಕವನ್ನೂ ನೋಡಿ ಬರುವುದಲ್ಲ. ಝೇವಿಯರ್ ಗ್ಯಾಬೆ ಮತ್ತು ರಾಲ್ಫ್ ಕೋಯನ್ ಅಮೆರಿಕದ ಪೇಟೆಯಲ್ಲಿ ಮಾಡಿದ ಅಂದಾಜಿನಂತೆ, ಷೇರುಗಳಿಗೆ ಹೊಸದಾಗಿ ಹರಿದುಬರುವ ಒಂದು ಡಾಲರ್ ಒಟ್ಟು ಮೌಲ್ಯವನ್ನು ಸುಮಾರು 5 ಡಾಲರ್ ಏರಿಸುತ್ತದೆ. ಬೆಲೆ ನೋಡದೆ ಕೊಳ್ಳುವವರು ಹೆಚ್ಚಿದಂತೆ ಪೇಟೆ ಕುಸಿತಗಳನ್ನು ತಾಳಿಕೊಳ್ಳುತ್ತದೆ. ಆದರೆ ದುಬಾರಿಯಾದಾಗ ಎಚ್ಚರಿಸುವ ಧ್ವನಿಯೂ ಕ್ಷೀಣಿಸುತ್ತದೆ. ಈ ಎರಡನೆಯ ಅಪಾಯದ ಬಗ್ಗೆ ನಮ್ಮಲ್ಲಿ ಚರ್ಚೆ ಸಾಲದು.

ದರ ಮತ್ತು ನಿರ್ಬಂಧ

ಕುಟುಂಬಗಳ ಹಣಕಾಸು ಕುರಿತ ತರುಣ್ ರಾಮದೊರೈ ನೇತೃತ್ವದ ಸಮಿತಿ 2017ರಲ್ಲಿ ಲೆಕ್ಕ ಹಾಕಿದಂತೆ ಭಾರತದ ಸರಾಸರಿ ಕುಟುಂಬದ ಸಂಪತ್ತಿನಲ್ಲಿ ಶೇ 77ರಷ್ಟು ಮನೆ ಮತ್ತು ಜಮೀನು, ಶೇ 11 ಚಿನ್ನ. ಹಣಕಾಸಿನ ಆಸ್ತಿ ಶೇ 5 ಮಾತ್ರ. ಹೀಗಾಗಿ ದರ ಕಡಿತ ಇಲ್ಲಿ ಷೇರಿನ ಮೂಲಕ ತಲುಪುವುದು ಕೆಲವರನ್ನೇ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಬದಲಾಗುವ ದರದ ಗೃಹಸಾಲಗಳು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿರುವುದರಿಂದ ಸಾಲಗಾರರಿಗೆ ಅದು ಬೇಗ ಮುಟ್ಟುತ್ತದೆ. ಠೇವಣಿದಾರರ ಆದಾಯ ಅದೇ ಕಡಿತದಿಂದ ಕುಗ್ಗುತ್ತದೆ.

ದರ ಎಲ್ಲರಿಗೂ ಒಂದೇ ಆದ್ದರಿಂದ, ಒಂದು ವರ್ಗದ ಹೂಡಿಕೆದಾರರ ಅತಿಯನ್ನು ತಡೆಯಲು ಅದನ್ನು ಬಳಸಬೇಕೇ ಎಂಬ ಚರ್ಚೆ ದೀರ್ಘ. ಬರ್ನಾಂಕೆ ಮತ್ತು ಮಾರ್ಕ್ ಗರ್ಟ್ಲರ್ 1999ರಲ್ಲಿ, ಹಣದುಬ್ಬರದ ಮುನ್ನೋಟವನ್ನು ಬದಲಿಸದ ಹೊರತು ಆಸ್ತಿ ಬೆಲೆಗಳಿಗೆ ದರದಿಂದ ಉತ್ತರಿಸಬಾರದೆಂದರು. ಬಾಸೆಲ್‌ನ ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕಿನ ಕ್ಲಾಡಿಯೊ ಬೊರಿಯೊ ಮತ್ತು ಅವರ ಸಂಗಡಿಗರು ಇದನ್ನು ಒಪ್ಪಲಿಲ್ಲ. ಭಾರತ ಗುರಿಯಿಟ್ಟ ನಿರ್ಬಂಧಗಳತ್ತ ವಾಲಿದೆ, ಆ ಆಯ್ಕೆ ಸರಿಯೆಂದೇ ತೋರುತ್ತದೆ. ವೈಯಕ್ತಿಕ ಡೆರಿವೇಟಿವ್ ವಹಿವಾಟುದಾರರಲ್ಲಿ ಶೇ 93ರಷ್ಟು ಮಂದಿ ಮೂರು ವರ್ಷಗಳಲ್ಲಿ ನಷ್ಟ ಅನುಭವಿಸಿದ್ದಾರೆಂದು ಷೇರುಪೇಟೆಯ ನಿಯಂತ್ರಕ ಸೆಬಿಯ ಅಧ್ಯಯನ 2024ರ ಸೆಪ್ಟೆಂಬರ್‌ನಲ್ಲಿ ತೋರಿಸಿತು. ಮರುತಿಂಗಳೇ ಸೂಚ್ಯಂಕ ಡೆರಿವೇಟಿವ್ ಒಪ್ಪಂದದ ಕನಿಷ್ಠ ಮೌಲ್ಯವನ್ನು 15 ಲಕ್ಷ ರೂಪಾಯಿಗೆ ಏರಿಸುವ ಆದೇಶ ಬಂತು. ರಿಸರ್ವ್ ಬ್ಯಾಂಕ್ 2023ರ ನವೆಂಬರ್‌ನಲ್ಲಿ ರೆಪೊ ದರವನ್ನು ಮುಟ್ಟದೆ, ಅಡಮಾನವಿಲ್ಲದ ಗ್ರಾಹಕ ಸಾಲಗಳ ರಿಸ್ಕ್ ತೂಕವನ್ನು (ಸಾಲಕ್ಕೆ ಪ್ರತಿಯಾಗಿ ಬ್ಯಾಂಕು ಎಷ್ಟು ಬಂಡವಾಳ ಇಡಬೇಕೆಂಬುದರ ಅಳತೆಯನ್ನು) ಶೇ 100ರಿಂದ 125ಕ್ಕೆ ಹೆಚ್ಚಿಸಿ, ಎನ್‌ಬಿಎಫ್‌ಸಿಗಳಿಗೆ ಬ್ಯಾಂಕುಗಳು ಕೊಡುವ ಸಾಲದ ಮೇಲೂ ತೂಕ ಏರಿಸಿತ್ತು. 2025ರ ಫೆಬ್ರುವರಿ 7ರಂದು ರೆಪೊ ಶೇ 6.25ಕ್ಕೆ ಇಳಿಯಿತು. ಅದೇ ತಿಂಗಳು ಎನ್‌ಬಿಎಫ್‌ಸಿ ಸಾಲಗಳ ಹೆಚ್ಚುವರಿ ತೂಕವನ್ನು ತೆಗೆಯಲಾಯಿತು. ಅಡಮಾನವಿಲ್ಲದ ವೈಯಕ್ತಿಕ ಸಾಲದ ಮೇಲಿನ ಶೇ 125 ಹಾಗೆಯೇ ಉಳಿಯಿತು.